ಅನಿಮೇಷನ್ ಕಿರುಚಿತ್ರಕ್ಕೆ ಸೌಂಡ್ ಮಾಡೋದು ಹೇಗೆ?

ಕ್ಯಾಮೆರಾದಲ್ಲಿ ಶೂಟ್ ಮಾಡಿದ ಸಿನಿಮಾ ಆದ್ರೆ ಆ ಜಾಗದ ಒಂದಿಷ್ಟು ಸದ್ದು ಬೇಡ ಅಂದ್ರೂ ಮೈಕಿಗೆ ಬಿದ್ದಿರುತ್ತೆ, ಗಾಳಿ, ಬಟ್ಟೆಯ ಸರಸರ, ಯಾರೋ ಕುರ್ಚಿ ಎಳೆದಿದ್ದು. ಅನಿಮೇಷನ್‌ನಲ್ಲಿ ಅದೂ ಇಲ್ಲ. ನೀವು ಬರೆದ ಪಾತ್ರ ಬೆಟ್ಟದಿಂದ ಉರುಳಿ ಬಿದ್ರೂ ನೀವಾಗಿ ಸದ್ದು ಇಡೋವರೆಗೂ ಏನೂ ಕೇಳಲ್ಲ. ಇಷ್ಟು ಕೆಲಸ ಇದ್ರೂ ತುಂಬಾ ಸ್ಟೂಡೆಂಟ್‌ಗಳು ಸೌಂಡನ್ನ ಕೊನೇ ವಾರಕ್ಕೆ ತಳ್ಳಿ, ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಒಂದು ಮ್ಯೂಸಿಕ್ಕನ್ನ ಟೈಟಲ್‌ನಿಂದ ಕ್ರೆಡಿಟ್ಸ್‌ವರೆಗೂ ಎಳೆದು ಮುಗಿಸಿಬಿಡ್ತಾರೆ. ತಿಂಗಳುಗಟ್ಟಲೆ ಕೂತು ಬರೆದ ಚಿತ್ರಗಳಿಗೆ ಅದು ಅನ್ಯಾಯ ಅಂತಲೇ ನನ್ನ ಅನಿಸಿಕೆ.

ಶುರು ಮಾಡ್ಬೇಕಾದ್ದು ಅನಿಮ್ಯಾಟಿಕ್ ಹಂತದಲ್ಲೇ, ಅಂದ್ರೆ ಕಥೆಯ ಕರಡು ಚಿತ್ರಗಳನ್ನ ಸಮಯಕ್ಕೆ ತಕ್ಕಂತೆ ಜೋಡಿಸಿ ವಿಡಿಯೋ ಮಾಡೋವಾಗ್ಲೇ. ಸ್ಟೋರಿಬೋರ್ಡ್ ಚಿತ್ರಗಳನ್ನ ಟೈಮ್‌ಲೈನ್ ಮೇಲೆ ಜೋಡಿಸಿದ ತಕ್ಷಣ ಡೈಲಾಗು, ಮುಖ್ಯವಾದ ಸದ್ದುಗಳನ್ನ ಫೋನ್‌ನಲ್ಲೇ ರೆಕಾರ್ಡ್ ಮಾಡಿ, ಬಾಯಲ್ಲೇ ಧಡಾರ್ ಅಂದ್ರೂ ಸಾಕು, ಅದರ ಕೆಳಗೆ ಹಾಕಿ. ಇದನ್ನ ಸ್ಕ್ರ್ಯಾಚ್ ಟ್ರ್ಯಾಕ್ ಅಂತಾರೆ. ಬಾಗಿಲು ಕಿರ್ರ್ ಅಂತ ತೆರೆಯೋಕೆ ಎರಡು ಸೆಕೆಂಡ್ ಬೇಕು ಅಂತ ಕಿವಿಗೆ ಈಗಲೇ ಗೊತ್ತಾದ್ರೆ ಆ ಶಾಟ್‌ಗೆ (ಸೆಕೆಂಡಿಗೆ 24 ಫ್ರೇಮ್ ಆದ್ರೆ) 48 ಫ್ರೇಮ್ ಬೇಕು ಅಂತ ಈಗಲೇ ಲೆಕ್ಕ ಸಿಗುತ್ತೆ, ಎಲ್ಲಾ ಬರೆದಾದ ಮೇಲೆ ಗೊತ್ತಾದ್ರೆ ಮತ್ತೆ ಪೆನ್ಸಿಲ್ ಹಿಡೀಬೇಕು.

ಆಮೇಲೆ ಅದನ್ನ ನೋಡ್ತಾ ಒಂದು ಪಟ್ಟಿ ಮಾಡಿ: ಯಾವ ಸೆಕೆಂಡ್‌ನಲ್ಲಿ, ಏನು ಕಾಣ್ತಿದೆ, ಏನು ಕೇಳ್ಬೇಕು. ಇಲ್ಲಿ ಎರಡು ವಿಷಯ ಯೋಚಿಸಿ. ಒಂದು, ಕಾಣೋದಕ್ಕೆಲ್ಲಾ ಸದ್ದು ಬೇಕಿಲ್ಲ, ಈ ಶಾಟ್‌ನಲ್ಲಿ ನೋಡೋವ್ರ ಗಮನ ಎಲ್ಲಿರ್ಬೇಕೋ ಅದಕ್ಕೆ ಮಾತ್ರ ಸದ್ದು ಕೊಟ್ಟು ಉಳಿದಿದ್ದನ್ನ ಬಿಟ್ಟುಬಿಡೋ ಧೈರ್ಯ ಇರ್ಬೇಕು. ಎರಡು, ಫ್ರೇಮಿನ ಹೊರಗೆ ನಡೆಯೋದನ್ನ ಸದ್ದಿನಲ್ಲೇ ಹೇಳ್ಬಹುದು. ಕಪಾಟು ಉರುಳೋದನ್ನ ತೋರಿಸೋಕೆ ಎಷ್ಟು ಡ್ರಾಯಿಂಗ್ ಬೇಕು ನೋಡಿ, ಅದೇ ಪಾತ್ರದ ಮುಖದ ಮೇಲೆ ಶಾಟ್ ಇಟ್ಟು ಹಿಂದಿನಿಂದ ಕಪಾಟು ಬಿದ್ದ ಸದ್ದು ಕೇಳಿಸಿದ್ರೆ ಮುಖದ ಒಂದು ಬೆಚ್ಚಿಬೀಳುವಿಕೆ ಬರೆದ್ರೆ ಆಯ್ತು, ಎಷ್ಟೋ ಸಲ ಅದೇ ಜಾಸ್ತಿ ಪರಿಣಾಮ ಮಾಡುತ್ತೆ.

ಡೈಲಾಗ್ ಇದ್ರೆ ಅನಿಮೇಟ್ ಮಾಡೋಕೆ ಮುಂಚೆನೇ ರೆಕಾರ್ಡ್ ಮಾಡಿ, ಯಾಕಂದ್ರೆ ತುಟಿ ಚಲನೆ ಬರೆಯೋದು ಆ ದನಿ ಕೇಳ್ಕೊಂಡು, ಫ್ರೇಮ್ ಫ್ರೇಮಿಗೂ ಏನು ಬರುತ್ತೆ ಅಂತ ಬರೆದಿಡೋ ಪಟ್ಟಿಯಾದ ಎಕ್ಸ್-ಶೀಟ್‌ನಲ್ಲಿ ಯಾವ ಫ್ರೇಮ್‌ಗೆ ಯಾವ ಅಕ್ಷರ ಅಂತ ಗುರುತು ಹಾಕಿ. ಸ್ಟುಡಿಯೋ ಇಲ್ಲ ಅಂತ ಚಿಂತೆ ಬೇಡ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದರ ಕಡೆ ಮುಖ ಮಾಡಿ ಮಾತಾಡಿದ್ರೆ ರೂಮಿನ ಪ್ರತಿಧ್ವನಿ ಚೆನ್ನಾಗೇ ಕಮ್ಮಿ ಆಗುತ್ತೆ. ಫ್ಯಾನ್, ಫ್ರಿಜ್ ಆಫ್ ಮಾಡಿ. ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇರ್ಲಿ, ಇಲ್ಲಾಂದ್ರೆ ಪ, ಭ ಬಂದಾಗೆಲ್ಲಾ ಉಸಿರು ಬಡಿಯುತ್ತೆ. ಸೆಟಿಂಗ್ 48 ಕಿಲೋಹರ್ಟ್ಜ್, 24 ಬಿಟ್, ವೇವ್ ಫೈಲ್. ಲೆವೆಲ್ ಜೋರಾದಾಗಲೂ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ಒಳಗೇ ಇರ್ಲಿ, ಸೊನ್ನೆ ಮುಟ್ಟಿ ಒಡೆದ ದನಿಯನ್ನ ಆಮೇಲೆ ಸರಿ ಮಾಡೋದು ಕಷ್ಟ. ಪಾತ್ರ ಓಡ್ತಿದ್ರೆ ದನಿ ಕೊಡೋವ್ರೂ ನಿಂತಲ್ಲೇ ಓಡ್ಲಿ, ಮೈಕಿಗೆ ಹೆಜ್ಜೆ ಸದ್ದು ಬೀಳದ ಹಾಗೆ ಬರಿಗಾಲಲ್ಲಿ. ಮತ್ತೆ ಏದುಸಿರು, ನಿಟ್ಟುಸಿರು, ಭಾರ ಎತ್ತುವಾಗಿನ ಹೂಂಕಾರ ಇವನ್ನೆಲ್ಲಾ ಬೇರೆಯಾಗೇ ರೆಕಾರ್ಡ್ ಮಾಡಿಟ್ಕೊಳ್ಳಿ. ಮಾತೇ ಆಡದ ಪಾತ್ರಕ್ಕೂ ಉಸಿರು ಕೊಟ್ಟು ನೋಡಿ, ಚಿತ್ರಕ್ಕೆ ಜೀವ ಬರೋದು ಅಲ್ಲೇ.

ಈಗ ಫೋಲಿ, ಅಂದ್ರೆ ಪರದೆ ನೋಡ್ತಾ ಕೈಯಾರೆ ಸದ್ದು ಮಾಡೋದು. ಇದು ಇಡೀ ಕೆಲಸದಲ್ಲಿ ಅತಿ ಖುಷಿಯ ಭಾಗ. ಮೂರು ಸುತ್ತು ಮಾಡಿ: ಮೊದಲು ಹೆಜ್ಜೆಗಳು, ಆಮೇಲೆ ಬಟ್ಟೆ, ಆಮೇಲೆ ಕೈಗೆ ಸಿಗೋ ವಸ್ತುಗಳು. ನಿಜವಾದ ವಸ್ತುವಿನ ಸದ್ದೇ ಬೇಕು ಅಂತೇನಿಲ್ಲ. ಹಿಮದ ಮೇಲಿನ ಹೆಜ್ಜೆಗೆ ಚೀಲದಲ್ಲಿ ತುಂಬಿದ ಕಾರ್ನ್‌ಸ್ಟಾರ್ಚನ್ನ ಹಿಸುಕ್ತಾರೆ, ಮೂಳೆ ಮುರಿಯೋಕೆ ಸೆಲರಿ ದಂಟು ಮುರಿತಾರೆ, ಹಕ್ಕಿ ರೆಕ್ಕೆಗೆ ಒಂದು ಜೊತೆ ಗ್ಲೌಸ್ ಬಡಿತಾರೆ. ಅನಿಮೇಷನ್‌ನಲ್ಲಿ ಪಾತ್ರದ ತೂಕ ಪರದೆಯಲ್ಲಿ ಅರ್ಧ ಮಾತ್ರ ಇರುತ್ತೆ, ಉಳಿದ ಅರ್ಧ ಕೊಡೋದು ಹೆಜ್ಜೆ ಸದ್ದು: ಮತ್ತೆ ಮತ್ತೆ ಓಡಿಸೋ ಅದೇ ನಡಿಗೆಯ ವಾಕ್ ಸೈಕಲ್‌ಗೆ ಒಮ್ಮೆ ಚಪ್ಪಲಿ ಸದ್ದು ಹಾಕಿ, ಒಮ್ಮೆ ಬೂಟಿನದ್ದು ಹಾಕಿ ನೋಡಿ, ಬೇರೆ ಬೇರೆ ಜನ ನಡೆದ ಹಾಗೆ ಕಾಣುತ್ತೆ. ಬಾಗಿಲು ಮುಚ್ಚೋ ಸದ್ದಿಗೆ ಮರದ ಧಪ್, ಚಿಲಕದ ಟಕ್, ಕೆಳಗೊಂದು ಗುಮ್ ಅನ್ನೋ ಭಾರ, ಹೀಗೆ ಒಂದರ ಮೇಲೊಂದು ಪದರ ಇಡಿ. ರೆಕಾರ್ಡಿಂಗನ್ನ ಅರ್ಧ ಸ್ಪೀಡಲ್ಲಿ ಓಡಿಸಿದ್ರೆ ಸ್ವರ ಒಂದು ಆಕ್ಟೇವ್ ಕೆಳಗಿಳಿಯುತ್ತೆ, ಸಣ್ಣ ಬೆಕ್ಕಿನ ಗುರ್ರ್ ದೊಡ್ಡ ಪ್ರಾಣಿಯದ್ದಾಗೋದು ಹಾಗೆ.

ಸಿಂಕ್, ಅಂದ್ರೆ ಚಿತ್ರಕ್ಕೂ ಸದ್ದಿಗೂ ಇರೋ ಹೊಂದಾಣಿಕೆ ಬಗ್ಗೆ ಒಂದು ಲೆಕ್ಕ ನೆನಪಿಡಿ. 24 ಫ್ರೇಮ್‌ನ ಚಿತ್ರದಲ್ಲಿ ಒಂದು ಫ್ರೇಮ್ ಅಂದ್ರೆ ಸುಮಾರು 42 ಮಿಲಿಸೆಕೆಂಡ್. ಪ್ರಸಾರಕ್ಕೆ ಸಂಬಂಧಿಸಿದ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ) ಶಿಫಾರಸಿನ ಪ್ರಕಾರ ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದ್ರೇ ಜನಕ್ಕೆ ಗೊತ್ತಾಗುತ್ತೆ, ಆದ್ರೆ ತಡವಾದ್ರೆ 125ರ ತನಕ ಗೊತ್ತಾಗಲ್ಲ. ನಾವು ಬೆಳಕನ್ನ ಮೊದಲು ನೋಡಿ ಆಮೇಲೆ ಸದ್ದು ಕೇಳೋದಕ್ಕೇ ಒಗ್ಗಿಕೊಂಡಿರೋದು. ಹಾಗಾಗಿ ಕಾಲು ನೆಲ ಮುಟ್ಟೋ ಫ್ರೇಮ್ ಹುಡುಕಿ ಅಲ್ಲಿಗೇ ಸದ್ದು ಇಡಿ, ಅನುಮಾನ ಬಂದ್ರೆ ಒಂದು ಫ್ರೇಮ್ ಮುಂಚೆ ಹಾಕೋ ಬದಲು ಒಂದು ಫ್ರೇಮ್ ತಡವಾಗಿ ಹಾಕಿ.

ಪ್ರತಿ ಜಾಗಕ್ಕೂ ಅದರದ್ದೇ ಆಂಬಿಯೆನ್ಸ್, ಅಂದ್ರೆ ಹಿನ್ನೆಲೆಯ ಸದ್ದು ಬೇಕು, ಮೌನದ ದೃಶ್ಯಕ್ಕೂ ಬೇಕು. ಟ್ರ್ಯಾಕ್ ಪೂರ್ತಿ ಖಾಲಿ ಬಿಟ್ರೆ ಹಾಲ್‌ನಲ್ಲಿ ಕೂತವ್ರು ಸ್ಪೀಕರ್ ಕೆಟ್ಟಿತೇನೋ ಅಂದ್ಕೋತಾರೆ, ಖಾಲಿ ರೂಮಿನ ಸದ್ದನ್ನ ಅರ್ಧ ನಿಮಿಷ ರೆಕಾರ್ಡ್ ಮಾಡಿಟ್ಕೊಂಡಿದ್ರೆ ಅದೇ ಉಪಯೋಗಕ್ಕೆ ಬರುತ್ತೆ. ನೀವೇ ಮಾಡೋಕಾಗದ ಸದ್ದುಗಳಿಗೆ ಫ್ರೀಸೌಂಡ್ ಥರದ ಸೈಟ್ ಇದೆ, ಆದ್ರೆ ಪ್ರತಿ ಫೈಲಿನ ಲೈಸೆನ್ಸ್ ಓದಿ: ಕೆಲವಕ್ಕೆ ಹೆಸರು ಹಾಕಲೇಬೇಕು, ಕೆಲವನ್ನ ದುಡ್ಡು ಬರೋ ಕೆಲಸಕ್ಕೆ ಬಳಸೋ ಹಾಗಿಲ್ಲ. ಮ್ಯೂಸಿಕ್ ವಿಷಯಕ್ಕೂ ಇದೇ ಮಾತು. ಹೆಸರಾಂತ ಹಾಡು ಹಾಕಿ ಎಡಿಟ್ ಮಾಡೋಕೆ ಶುರು ಮಾಡಿದ್ರೆ ಕಿವಿ ಅದಕ್ಕೇ ಅಂಟ್ಕೊಂಡುಬಿಡುತ್ತೆ, ಹಕ್ಕು ಸಿಗಲ್ಲ, ಬೇರೆ ಯಾವುದೂ ಹಿಡಿಸಲ್ಲ.

ಮಿಕ್ಸ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಅಥವಾ ರೀಪರ್ ಅನ್ನೋ ಸಾಫ್ಟ್‌ವೇರ್ ಸಾಕು. ಮೊದಲು ಡೈಲಾಗ್ ಲೆವೆಲ್ ಕೂರಿಸಿ, ಅದಕ್ಕೆ ತಕ್ಕಂತೆ ಉಳಿದಿದ್ದು. ಹೆಡ್‌ಫೋನ್‌ನಲ್ಲಿ ಮಾಡಿದ್ದನ್ನ ಫೋನ್ ಸ್ಪೀಕರ್‌ನಲ್ಲೂ ಕೇಳಿ, ಅದರಲ್ಲಿ ಕೆಳಗಿನ ಸ್ವರಗಳು ಹೆಚ್ಚುಕಮ್ಮಿ ಮಾಯ ಆಗೋದ್ರಿಂದ ರಾಕ್ಷಸನ ಹೆಜ್ಜೆಗೆ ಬರೀ ಗುಮ್ ಸಾಲ್ದು, ಮೇಲೊಂದು ಕಲ್ಲು ಪುಡಿಯಾಗೋ ಸದ್ದೂ ಬೇಕು. ಲೌಡ್‌ನೆಸ್ (ಇಡೀ ಚಿತ್ರದ ಸರಾಸರಿ ಜೋರು, ಅದರ ಅಳತೆ ಎಲ್‌ಯುಎಫ್‌ಎಸ್) ಯೂರೋಪಿನ ಟಿವಿ ಮಾನದಂಡದಲ್ಲಿ ಮೈನಸ್ 23 ಎಲ್‌ಯುಎಫ್‌ಎಸ್, ಯೂಟ್ಯೂಬ್‌ಗೆ ಸುಮಾರು ಮೈನಸ್ 14. ಫೆಸ್ಟಿವಲ್‌ಗೆ ಕಳಿಸೋದಾದ್ರೆ ಅವರ ನಿಯಮ ಓದಿಕೊಳ್ಳಿ.

ಎಕ್ಸ್‌ಪೋರ್ಟ್‌ಗೆ ಮುಂಚೆ ಫ್ರೇಮ್ ರೇಟ್ ನೋಡಿ. 3 ನಿಮಿಷದ 24 ಫ್ರೇಮ್ ಚಿತ್ರದಲ್ಲಿ 4320 ಫ್ರೇಮ್ ಇರುತ್ತೆ, ಅದನ್ನೇ 25ರಲ್ಲಿ ಓಡಿಸಿದ್ರೆ ಸುಮಾರು 7 ಸೆಕೆಂಡ್ ಮೊದಲೇ ಮುಗಿಯುತ್ತೆ, ಸೌಂಡ್ ಮಾತ್ರ ಓಡ್ತಾನೇ ಇರುತ್ತೆ. ಮೊದಲ ಚಿತ್ರಕ್ಕೆ ಸರಿಯಾಗಿ 2 ಸೆಕೆಂಡ್ ಮುಂಚೆ ಒಂದು ಫ್ರೇಮ್ ಉದ್ದದ ಬೀಪ್ ಹಾಕಿಟ್ರೆ ಚಿತ್ರ, ಸದ್ದು ಬೇರೆ ಬೇರೆ ಫೈಲ್‌ನಲ್ಲಿದ್ರೂ ಜೋಡಿಸೋದು ಸುಲಭ. ಕೊನೆಗೆ ಡೈಲಾಗ್, ಮ್ಯೂಸಿಕ್, ಎಫೆಕ್ಟ್ಸ್ ಮೂರನ್ನೂ ಬೇರೆ ಬೇರೆ ಫೈಲಾಗಿ ತೆಗೆದಿಡಿ, ನಾಳೆ ಇನ್ನೊಂದು ಭಾಷೆಗೆ ಡಬ್ ಮಾಡ್ಬೇಕು ಅಂದ್ರೆ ಡೈಲಾಗ್ ಒಂದನ್ನ ಮಾತ್ರ ಬದಲಾಯಿಸಿದ್ರೆ ಸಾಕು.