ಬೇಸ್‌ಮೆಂಟಿನ ರೇಡಾನ್: ನೀವೇ ಅಳೆಯುವುದು ಹೇಗೆ?

ಅಮೆರಿಕದಲ್ಲಿ ಮನೆ ಕೊಳ್ಳುವ ನಮ್ಮವರು ಬೇಸ್‌ಮೆಂಟ್ ಇದೆಯಾ ಅಂತ ಮೊದಲೇ ಕೇಳುತ್ತಾರೆ. ಅಲ್ಲಿ ರೇಡಾನ್ ಎಷ್ಟಿದೆ ಅಂತ ಕೇಳುವವರು ಕಡಿಮೆ. ಮಣ್ಣಿನಲ್ಲಿ, ಬಂಡೆಯಲ್ಲಿ ಇರುವ ಯುರೇನಿಯಂನಿಂದ ಹುಟ್ಟುವ, ವಿಕಿರಣ ಸೂಸುವ ಅನಿಲ ಇದು. ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕು, ಬೇಸ್‌ಮೆಂಟಿಗೆ ಬಸಿದ ನೀರನ್ನು ಹೊರಹಾಕುವ ಸಂಪ್ ಪಂಪಿನ ಗುಂಡಿ, ಪೈಪಿನ ಸಂದಿ, ಎಲ್ಲಿ ಜಾಗ ಸಿಕ್ಕಿದರೂ ಒಳಗೆ ನುಸುಳುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಜಾಸ್ತಿ.

1984ರಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದಲ್ಲಿ ಒಬ್ಬ ಎಂಜಿನಿಯರ್ ಬಂದಾಗಲೆಲ್ಲ ವಿಕಿರಣದ ಅಲಾರಂ ಹೊಡೆದುಕೊಳ್ಳುತ್ತಿತ್ತು. ಅಲ್ಲಿ ಇನ್ನೂ ವಿದ್ಯುತ್ ಉತ್ಪಾದನೆಯೇ ಶುರುವಾಗಿರಲಿಲ್ಲ! ಹುಡುಕಿದರೆ ವಿಕಿರಣ ಬರುತ್ತಿದ್ದದ್ದು ಅವರ ಮನೆಯಲ್ಲಿ ತುಂಬಿದ್ದ ರೇಡಾನ್‌ನಿಂದ.

ಮೊದಲು ಹಾರ್ಡ್‌ವೇರ್ ಅಂಗಡಿಯಿಂದ ಇದ್ದಿಲಿನ ಟೆಸ್ಟ್ ಕಿಟ್ ತನ್ನಿ. ಗಾಳಿಯಲ್ಲಿರುವ ರೇಡಾನ್ ಹೀರಿಕೊಳ್ಳುವ ಇದ್ದಿಲು ತುಂಬಿದ ಸಣ್ಣ ಡಬ್ಬಿ ಅದು. ಚಳಿಗಾಲ ಒಳ್ಳೆಯದು. ಆಗ ಮನೆಯ ಬಿಸಿ ಗಾಳಿ ಮೇಲೇರುತ್ತದೆ, ಕೆಳಗಿನ ಮಣ್ಣಿನ ಗಾಳಿಯನ್ನು ಮನೆ ಒಳಗೆ ಎಳೆದುಕೊಳ್ಳುತ್ತದೆ.

ಪರೀಕ್ಷೆಗೆ 12 ಗಂಟೆ ಮೊದಲೇ ಕಿಟಕಿಗಳನ್ನೆಲ್ಲ ಮುಚ್ಚಿ. ಮುಗಿಯುವವರೆಗೂ ತೆರೆಯಬೇಡಿ. ಬಾಗಿಲಲ್ಲಿ ಓಡಾಡುವುದಕ್ಕೆ ಅಡ್ಡಿಯಿಲ್ಲ. ನಮ್ಮ ಮೊದಲ ಕಿಟ್ ದಂಡವಾದದ್ದು ಇಲ್ಲೇ. ಊರಿಂದ ಬಂದಿದ್ದ ಅಮ್ಮ ಬೆಳಿಗ್ಗೆ ಕೆಳಗಿಳಿದು, "ಮುಗ್ಗಲು ವಾಸನೆ ಕಣೋ" ಅಂತ ಎರಡೂ ಕಿಟಕಿ ತೆರೆದಿಟ್ಟಿದ್ದರು. ಹಾಗಾಗಿ ಮನೆಯವರಿಗೆಲ್ಲ ಮೊದಲೇ ಹೇಳಿಡಿ.

ನೀವು ಓಡಾಡುವ, ಮಲಗುವ ಅತಿ ಕೆಳಗಿನ ಮಹಡಿಯಲ್ಲಿ, ನೆಲದಿಂದ 20 ಇಂಚಾದರೂ ಎತ್ತರದ ಸ್ಟೂಲ್ ಮೇಲೆ ಡಬ್ಬಿ ಇಡಿ. ಅಡುಗೆಮನೆ, ಬಚ್ಚಲು, ಕಿಟಕಿ ಪಕ್ಕ ಬೇಡ. ಕಿಟ್‌ನಲ್ಲಿ ಹೇಳಿದಷ್ಟು ದಿನ, ಸಾಮಾನ್ಯವಾಗಿ 2ರಿಂದ 4 ದಿನ, ಬಿಡಿ. ಆಮೇಲೆ ಬಿಗಿಯಾಗಿ ಮುಚ್ಚಿ, ಸಮಯ ಬರೆದು, ಅವತ್ತೇ ಲ್ಯಾಬಿಗೆ ಕಳಿಸಿ. 3.8 ದಿನಕ್ಕೆ ಡಬ್ಬಿಯಲ್ಲಿರುವ ರೇಡಾನ್ ಅರ್ಧ ಆಗುತ್ತದೆ. ನಾಳೆ ಹಾಕೋಣ ಅಂತ ಕೂತರೆ ಅಳೆಯಲು ಉಳಿಯುವುದೇನು?

ಲ್ಯಾಬಿನ ವರದಿಯಲ್ಲಿ ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣ ಅಳೆಯುವ ಮಾನ) ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಪರೀಕ್ಷಿಸಿ. ಮತ್ತೆ ಹಾಗೇ ಬಂದರೆ ರಿಪೇರಿ ಮಾಡಿಸಿ. ಬಿರುಕಿಗೆ ಸುಮ್ನೆ ಸಿಮೆಂಟ್ ಮೆತ್ತಿದರೆ ಸಾಲದು. ಪರಿಣತರು ಕಾಂಕ್ರೀಟ್ ನೆಲಕ್ಕೆ ತೂತು ಕೊರೆದು, ಪಿವಿಸಿ ಪೈಪ್ ಇಳಿಸಿ, ಫ್ಯಾನಿನಿಂದ ನೆಲದಡಿಯ ಗಾಳಿಯನ್ನು ಚಾವಣಿಯ ಮೇಲಕ್ಕೆ ಹೊರಹಾಕುತ್ತಾರೆ. ಕೆಲಸ ಮುಗಿದ ಮೇಲೆ ಮತ್ತೊಂದು ಪರೀಕ್ಷೆ ಕಡ್ಡಾಯ.

ಆ ಪೈಪಿಗೆ ಬಣ್ಣದ ದ್ರವವಿರುವ ಸಣ್ಣದೊಂದು ಬಾಗಿದ ಕೊಳವೆ ಅಂಟಿಸಿರುತ್ತಾರೆ. ಬಟ್ಟೆ ಒಗೆಯಲು ಕೆಳಗಿಳಿದಾಗ ಅದರ ಮೇಲೊಂದು ಕಣ್ಣಿಡಿ. ದ್ರವ ಎರಡೂ ಕಡೆ ಒಂದೇ ಮಟ್ಟದಲ್ಲಿದ್ದರೆ ಫ್ಯಾನ್ ಗಾಳಿ ಎಳೆಯುತ್ತಿಲ್ಲ ಅಂತ ಅರ್ಥ.