ಎದ್ದ ಮೇಲಿನ ಮುಕ್ಕಾಲು ಗಂಟೆ: ಜೊಲ್ಲಲ್ಲಿ ಕಾರ್ಟಿಸಾಲ್ ಅಳೆದ ಅನುಭವ

ದೀರ್ಘಕಾಲದ ಸುಸ್ತಿನ ಕಾಯಿಲೆಯವರ ಕಾರ್ಟಿಸಾಲನ್ನು, ಅಂದರೆ ಒತ್ತಡದ ಹಾರ್ಮೋನನ್ನು, ಜೊಲ್ಲಲ್ಲಿ ನೋಡೋಣ ಅಂದಾಗ ದಾವಣಗೆರೆಯಲ್ಲಿ ಸಿಕ್ಕ ಮೊದಲ ಉತ್ತರ: "ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದರೆ ಮುಗೀತಲ್ರೀ, ಈ ಎಂಜಲಿನ ಸಹವಾಸ ಯಾಕೆ?" ಮುಗಿಯೋದಿಲ್ಲ. ಇವರ ಎಂಟು ಗಂಟೆಯ ರಕ್ತದ ಅಂಕಿ ಬಹುತೇಕ ಸಾಮಾನ್ಯ ಮಿತಿಯೊಳಗೇ ಇರುತ್ತೆ. ಹುಡುಕಬೇಕಾದ್ದು ಎಚ್ಚರವಾದ ಮೇಲಿನ ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸಾಲ್ ಏರುವ ಏರಿಕೆ. ಚನ್ನಗಿರಿ ಕಡೆಯಿಂದ ಬಸ್ಸು ಹತ್ತಿ ಬಂದು ಸೂಜಿ ನೋಡುವ ಹೊತ್ತಿಗೆ ಅದು ಎಲ್ಲಿ ಉಳಿದಿರುತ್ತೆ?

ಎದ್ದ ಕ್ಷಣ, ಆಮೇಲೆ 15, 30, 45 ನಿಮಿಷ, ಎರಡು ದಿನ. ತಲೆಗೆ ಎಂಟು ಟ್ಯೂಬ್. ಮೊದಲ ಬ್ಯಾಚಿನ ಚೀಟಿಗಳಲ್ಲಿ ಎಲ್ಲರೂ 6:00, 6:15, 6:30 ಅಂತಲೇ ಬರೆದಿದ್ದರು. ಅಷ್ಟು ಚೊಕ್ಕವಾಗಿ ಯಾರೂ ಏಳೋದಿಲ್ಲ. ಮೊದಲ ಟ್ಯೂಬ್ ಕಾಲು ಗಂಟೆ ತಡವಾದರೆ ಏರಿಕೆ ಆಗಲೇ ಅರ್ಧ ಮುಗಿದಿರುತ್ತೆ, ಗ್ರಾಫಿನ ಗೆರೆ ಚಪ್ಪಟೆಯಾಗುತ್ತೆ, ನಾವು ಅದನ್ನೇ ಕಾಯಿಲೆ ಅಂತೀವಿ. ಆ ಇಡೀ ಬ್ಯಾಚ್ ಎಸೆದದ್ದಾಯಿತು. ಪರಿಹಾರ ಪುಕ್ಕಟೆಯದು: ಟ್ಯೂಬ್ ತುಂಬುವಾಗಲೆಲ್ಲ ಒಂದು ಮಿಸ್ಡ್ ಕಾಲ್. ಹಸು ಕರೆದು, ಚಹಾ ಕುಡಿದು 'ಈಗ ಎದ್ದೆ' ಅಂತ ಕಾಲ್ ಕೊಡುವವರನ್ನು ಹಿಡಿಯೋಕೆ ಇನ್ನೊಂದು ಉಪಾಯ ಇದೆ. ಅದನ್ನು ಬರೆದರೆ ಮುಂದಿನ ಬ್ಯಾಚಿಗೆ ಕೆಲಸಕ್ಕೆ ಬರೋದಿಲ್ಲ.

ಎಲೆಅಡಿಕೆ ದೊಡ್ಡ ತಲೆನೋವು. ಜೊಲ್ಲು ಕೆಂಪಗಿದ್ದರೆ ಅಡಿಕೆಯ ಬಣ್ಣವೋ ಒಸಡಿನ ರಕ್ತವೋ ಕಣ್ಣಿಗೆ ಗೊತ್ತಾಗೋದಿಲ್ಲ, ರಕ್ತ ಬೆರೆತರೆ ಅಂಕಿ ಸುಳ್ಳೇ ಮೇಲೇರುತ್ತೆ. ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ಮೊದಲ ಟ್ಯೂಬ್ ನೀರಾಗುತ್ತೆ. ಹಾಗಾಗಿ ರಾತ್ರಿ ಊಟದ ಮೇಲೆ ಅಡಿಕೆ ಬಂದ್, ಮಲಗುವಾಗ ಮುಕ್ಕಳಿಸಿ. ಬೆಳಿಗ್ಗೆ 45 ನಿಮಿಷ ಬ್ರಷ್ಷೂ ಇಲ್ಲ, ಚಹಾನೂ ಇಲ್ಲ. ಆಮೇಲೂ ಕೆಂಪಗಿದ್ದರೆ ಎಸೆಯೋದೇ.

ಬಾಯಿ ಒಣಗಿದವರಿಗೆ ಹುಣಸೆಹಣ್ಣು ಚೀಪಿಸಿ ನೋಡಿದೆ. ಹುಳಿ ಜೊಲ್ಲಿಗೆ ಇಳಿದು ಎಲೈಸಾ (ಕಾರ್ಟಿಸಾಲ್ ಅಳೆಯುವ ಲ್ಯಾಬ್ ಪರೀಕ್ಷೆ) ಕೆಟ್ಟಿತು. ಈಗ ಹುಣಸೆಹಣ್ಣನ್ನು ಮುಂದೆ ಇಡ್ತೀನಿ, ತಿನ್ನಿಸೋದಿಲ್ಲ. ನೋಡಿದರೇ ನೀರೂರುತ್ತೆ.

ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಎಂಜಲಿನ ಟ್ಯೂಬಿಗೆ ಯಾವ ಮನೆಯಲ್ಲೂ ಜಾಗ ಸಿಗಲಿಲ್ಲ. ಸಿಗದಿದ್ದರೂ ನಷ್ಟವಿಲ್ಲ, ಜೊಲ್ಲಿನ ಕಾರ್ಟಿಸಾಲ್ ಒಂದೆರಡು ದಿನಕ್ಕೆ ಹಾಳಾಗೋದಿಲ್ಲ. ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಟ್ಟರೆ ಸಾಕು. ಲ್ಯಾಬಿಗೆ ಬಂದದ್ದೇ ಮೈನಸ್ 20 ಡಿಗ್ರಿಯ ಫ್ರೀಜರಿಗೆ. ಕರಗಿಸಿದ ಮೇಲೆ 3,000 ಆರ್‌ಪಿಎಂನಲ್ಲಿ 15 ನಿಮಿಷ ತಿರುಗಿಸಿ. ಅವಸರದಲ್ಲಿ ಹತ್ತಕ್ಕೆ ನಿಲ್ಲಿಸಿದರೆ ಲೋಳೆಯ ಎಳೆಯೊಂದು ಪಿಪೆಟ್ ತುದಿಯಿಂದ ಪ್ಲೇಟಿನ ಪುಟ್ಟ ಗುಳಿಯಾದ ವೆಲ್‌ವರೆಗೂ ಜೋತಾಡುತ್ತೆ, ಹಾಕಿದ್ದೆಷ್ಟು ಅಂತ ದೇವರಿಗೇ ಗೊತ್ತು.

ಕಿಟ್ಟಿಗೆ ಸುಮಾರು 35 ಸಾವಿರ. 96 ವೆಲ್‌ನಲ್ಲಿ ಹೋಲಿಕೆಗೆ ಹಾಕುವ ಸ್ಟ್ಯಾಂಡರ್ಡ್, ಕಂಟ್ರೋಲ್‌ಗೆ 16 ಹೋಗಿ, ಜೋಡಿ ಜೋಡಿಯಾಗಿ ಹಾಕಿದರೆ 40 ಸ್ಯಾಂಪಲ್, ಅಂದರೆ ಐದೇ ಜನ. ಒಬ್ಬರ ಟ್ಯೂಬುಗಳನ್ನು ಎರಡು ಪ್ಲೇಟಿಗೆ ಹಂಚಬೇಡಿ. ಏಪ್ರಿಲ್‌ನಲ್ಲಿ ಇನ್‌ಕ್ಯುಬೇಶನ್ ನಡುವೆ ಕರೆಂಟ್ ಹೋಗಿ, ಏಸಿ ನಿಂತು, ಅಂಚಿನ ವೆಲ್‌ಗಳೆಲ್ಲ ದಾರಿ ತಪ್ಪಿದವು. ಕಿಟ್ ಗೋವಿಂದ. ಅಂದಿನಿಂದ ಬೇಸಿಗೆಯಲ್ಲಿ ಸ್ಯಾಂಪಲ್ ಕೂಡಿಡ್ತೀನಿ, ಮಳೆಗಾಲದಲ್ಲಿ ಪ್ಲೇಟ್ ಓಡಿಸ್ತೀನಿ.

ಒಂದು ಗೆರೆ ನೆಲಕ್ಕೆ ಅಂಟಿಕೊಂಡಂತೆ ಬಂತು. 'ಸಿಕ್ಕಿತು' ಅಂದುಕೊಂಡರೆ, ಮುಖ ಬೆಳ್ಳಗಾಗಲಿ ಅಂತ ತಿಂಗಳುಗಟ್ಟಲೆ ಹಚ್ಚಿದ ಕ್ರೀಮಿನಲ್ಲಿ ಸ್ಟೀರಾಯ್ಡ್! ಅದು ದೇಹದ ಸ್ವಂತ ಕಾರ್ಟಿಸಾಲನ್ನು ತಗ್ಗಿಸುತ್ತೆ. 'ಮಾತ್ರೆ ತಗೋತೀರಾ' ಅಂದರೆ ಎಲ್ಲರೂ ಇಲ್ಲ ಅಂತಾರೆ. ಕ್ರೀಮು, ಇನ್‌ಹೇಲರ್, ಮಂಡಿನೋವಿನ ಪುಡಿ ಅಂತ ಒಂದೊಂದೇ ಹೆಸರು ಹಿಡಿದು ಕೇಳಿ.

ಇಷ್ಟಾದ ಮೇಲೆ ಗೆರೆಗಳು ನಂಬುವಂತಾದವು, ರಕ್ತ ತೆಗೀರಿ ಅಂದವರೇ ಈಗ ಟ್ಯೂಬ್ ಕೇಳ್ತಾರೆ. ಕಾಯಿಲೆಯವರ ಏರಿಕೆ ಸರಾಸರಿಯಲ್ಲಿ ಮಂದ. ಆದರೆ ಆರೋಗ್ಯವಂತರ ಗೆರೆಗಳ ಜೊತೆ ಎಷ್ಟು ಬೆರೆಯುತ್ತೆ ಅಂದರೆ ಒಬ್ಬರ ಗೆರೆ ನೋಡಿ ರೋಗ ಹೇಳೋಕಾಗೋದಿಲ್ಲ. ಗೆರೆ ತಗ್ಗಿದೆ ಅಂತ ಹೈಡ್ರೊಕಾರ್ಟಿಸೋನ್ (ಔಷಧದ ರೂಪದ ಕಾರ್ಟಿಸಾಲ್) ಬರೆಯೋದಂತೂ ಬೇಡ. 1998ರಲ್ಲಿ ಅಮೆರಿಕದಲ್ಲಿ ಕೊಟ್ಟು ನೋಡಿದ್ದಾರೆ: ಅಲ್ಪಸ್ವಲ್ಪ ಗೆಲುವು, ಜೊತೆಗೆ ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿಯೇ ಮಂಕು.

ಈಗ ಮಲಗುವ ಮುಂಚೆ ಒಂಬತ್ತನೇ ಟ್ಯೂಬ್ ಸೇರಿಸಿದ್ದೀನಿ. ಪ್ಲೇಟಿಗೆ ನಾಲ್ಕೇ ಜನ ಹಿಡಿಸ್ತಾರೆ.