ಅಮೆರಿಕದ ಕೋರ್ಟ್ ಸುದ್ದಿಯನ್ನು ಓದುವ ಕ್ರಮ

ವೀಸಾ ನಿಯಮವೊಂದಕ್ಕೆ ಅಮೆರಿಕದ ನ್ಯಾಯಾಲಯ ತಡೆ ನೀಡಿತೆಂಬ ಸುದ್ದಿ ಬಂದರೆ ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗಿನ ವಾಟ್ಸ್ಯಾಪ್ ಗುಂಪುಗಳಲ್ಲೆಲ್ಲ ಅದೇ ಮಾತು. ಆದರೆ ಯಾವ ನ್ಯಾಯಾಲಯ, ಯಾವ ಹಂತದಲ್ಲಿ, ಯಾರಿಗೆ ಅನ್ವಯಿಸುವಂತೆ ಆದೇಶಿಸಿತು ಎಂಬುದನ್ನು ತಿಳಿಯದೆ ಆ ಸುದ್ದಿಯನ್ನು ನಂಬಿ ಟಿಕೆಟ್ ಕಾಯ್ದಿರಿಸುವುದು ಸರಿಯಲ್ಲ.

ಮೊದಲು ನ್ಯಾಯಾಲಯದ ಪೂರ್ಣ ಹೆಸರನ್ನು ನೋಡಬೇಕು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ನಮ್ಮದು ಒಂದೇ ಏಣಿ. ಕೇಂದ್ರದ ಕಾನೂನನ್ನೂ ರಾಜ್ಯದ ಕಾನೂನನ್ನೂ ಇವೇ ನ್ಯಾಯಾಲಯಗಳು ವಿಚಾರಿಸುತ್ತವೆ. ಅಮೆರಿಕದಲ್ಲಿರುವುದು ಎರಡು ಏಣಿ. ವಿಚ್ಛೇದನ, ಬಾಡಿಗೆ ತಕರಾರು ಮತ್ತು ಬಹುಪಾಲು ಕೊಲೆ ಮೊಕದ್ದಮೆಗಳು ರಾಜ್ಯ ನ್ಯಾಯಾಲಯಗಳಿಗೆ ಹೋದರೆ, ಪೇಟೆಂಟ್, ದಿವಾಳಿತನ ಹಾಗೂ ವೀಸಾ ನೀತಿಯನ್ನು ಪ್ರಶ್ನಿಸುವ ದಾವೆಗಳು ಫೆಡರಲ್, ಅಂದರೆ ಕೇಂದ್ರದ, ನ್ಯಾಯಾಲಯಗಳಿಗೆ ಬರುತ್ತವೆ. ನ್ಯೂಯಾರ್ಕ್ ರಾಜ್ಯದಲ್ಲಂತೂ ‘ಸುಪ್ರೀಂ ಕೋರ್ಟ್’ ಎಂಬುದು ವಿಚಾರಣಾ ನ್ಯಾಯಾಲಯ. ಅಲ್ಲಿನ ಅತ್ಯುನ್ನತ ಪೀಠದ ಹೆಸರು ‘ಕೋರ್ಟ್ ಆಫ್ ಅಪೀಲ್ಸ್’. ನಮ್ಮ ಪತ್ರಿಕೆಗಳ ತಲೆಬರಹಗಳು ಎಡವುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಇನ್ನು ‘ಇಮಿಗ್ರೇಷನ್ ಜಡ್ಜ್’ ಎನಿಸಿಕೊಳ್ಳುವವರು ನ್ಯಾಯಾಂಗಕ್ಕೇ ಸೇರಿದವರಲ್ಲ, ಸರ್ಕಾರದ ನ್ಯಾಯ ಇಲಾಖೆಯ ಅಧೀನದಲ್ಲಿರುವವರು.

ಫೆಡರಲ್ ಏಣಿಯಲ್ಲಿ 94 ಜಿಲ್ಲಾ ನ್ಯಾಯಾಲಯಗಳು, ಅವುಗಳ ಮೇಲೆ 13 ಮೇಲ್ಮನವಿ ನ್ಯಾಯಾಲಯಗಳು, ತುದಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್ ಇವೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯಗಳನ್ನು ಒಳಗೊಂಡ ಒಂಬತ್ತನೇ ಸರ್ಕ್ಯೂಟ್ ಎಂಬ ಮೇಲ್ಮನವಿ ನ್ಯಾಯಾಲಯದ ತೀರ್ಪು ಟೆಕ್ಸಾಸ್‌ನ ಜಿಲ್ಲಾ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ.

ಎರಡನೆಯದು ಹಂತ. ಪ್ರಕರಣದ ಸಂಖ್ಯೆಯಲ್ಲಿ ‘25-ಸಿವಿ’ ಎಂದಿದ್ದರೆ ಅದು 2025ರಲ್ಲಿ ದಾಖಲಾದ ಸಿವಿಲ್ ದಾವೆ. ‘ಸಿಆರ್’ ಎಂದಿದ್ದರೆ ಕ್ರಿಮಿನಲ್. ಎದುರು ಪಕ್ಷದ ಮಾತನ್ನು ಕೇಳುವ ಮೊದಲೇ ತುರ್ತಾಗಿ ಕೊಡುವ ತಡೆ ಸಾಮಾನ್ಯವಾಗಿ 14 ದಿನಗಳದ್ದು. ವಾದ ಆಲಿಸಿದ ಮೇಲೆ ಕೊಡುವ ಮಧ್ಯಂತರ ತಡೆ ಅದಕ್ಕಿಂತ ಗಟ್ಟಿ, ಆದರೂ ಅಂತಿಮ ತೀರ್ಪಲ್ಲ. ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಾಲ್ವರ ಒಪ್ಪಿಗೆ ಬೇಕು, ಮತ್ತು ಅದು ನಿರಾಕರಿಸಿದ ಮಾತ್ರಕ್ಕೆ ಕೆಳಗಿನ ತೀರ್ಪನ್ನು ಎತ್ತಿಹಿಡಿದಂತಾಗುವುದಿಲ್ಲ.

ಮೂರನೆಯದೇ ಮುಖ್ಯ: ಆದೇಶ ಯಾರಿಗೆ? 2025ರ ಜೂನ್‌ನಲ್ಲಿ ‘ಟ್ರಂಪ್ ವಿರುದ್ಧ ಕಾಸಾ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದಾವೆ ಹೂಡಿದವರಿಗೆ ಪೂರ್ಣ ಪರಿಹಾರ ನೀಡಲು ಬೇಕಾದುದಕ್ಕಿಂತ ವ್ಯಾಪಕವಾದ ತಡೆಯಾಜ್ಞೆ ಹೊರಡಿಸುವ ಅಧಿಕಾರ ಕೆಳ ನ್ಯಾಯಾಧೀಶರಿಗೆ ಬಹುಶಃ ಇಲ್ಲವೆಂದು ಹೇಳಿತು. ಆದುದರಿಂದ ನಿಮ್ಮ ಕಂಪನಿಯಾಗಲಿ ಅದು ಸದಸ್ಯವಾಗಿರುವ ಸಂಘವಾಗಲಿ ವಾದಿಗಳ ಪಟ್ಟಿಯಲ್ಲಿದೆಯೇ, ಇಲ್ಲವಾದರೆ ದಾವೆ ಒಂದೇ ಸ್ಥಿತಿಯಲ್ಲಿರುವವರ ಇಡೀ ವರ್ಗದ ಪರವಾಗಿದೆಯೇ ಎಂದು ನೋಡಬೇಕು.

ನ್ಯಾಯಾಧೀಶರನ್ನು ನೇಮಿಸಿದ ಅಧ್ಯಕ್ಷರು ಯಾರೆಂದು ಸುದ್ದಿಗಳು ತಪ್ಪದೆ ಹೇಳುತ್ತವೆ; ಅದಕ್ಕಿಂತ ಆದೇಶದ ಕೊನೆಯ ಪುಟವನ್ನು ಓದುವುದೇ ಹೆಚ್ಚು ಉಪಯುಕ್ತ, ಏಕೆಂದರೆ ಯಾರು ಏನು ಮಾಡಬೇಕೆಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ. ಫೆಡರಲ್ ಆದೇಶಗಳು ಆ ನ್ಯಾಯಾಲಯಗಳ ದಾಖಲೆಗಳಿರುವ ‘ಪೇಸರ್’ ಜಾಲತಾಣದಲ್ಲಿ ಪುಟಕ್ಕೆ 10 ಸೆಂಟ್‌ನಂತೆ ಸಿಗುತ್ತವೆ. ಮೂರು ತಿಂಗಳ ಬಿಲ್ 30 ಡಾಲರ್ ಮೀರದಿದ್ದರೆ ಶುಲ್ಕವಿಲ್ಲ.